ನಡೆ, ಹೋಗು, ಸಾಗು, ತೆರಳು: ಯಾವ ವಾಕ್ಯಕ್ಕೆ ಯಾವ ಪದ?

ನಿಘಂಟಿನಲ್ಲಿ 'ನಡೆ' ಎಂಬ ಪದ ತೆಗೆದು ನೋಡಿ. ಹೋಗು, ಸಾಗು, ಚಲಿಸು, ಜರುಗು, ಘಟಿಸು, ವರ್ತಿಸು ಎಂದು ಅರ್ಥಗಳು ಸಾಲಾಗಿ ಸಿಗುತ್ತವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಬರೀ ಒಂದು ಅಲ್ಪವಿರಾಮ. ಯಾವುದನ್ನು ಬೇಕಾದರೂ ಎತ್ತಿ ಎಲ್ಲಿ ಬೇಕಾದರೂ ಇಡಬಹುದು ಅನ್ನಿಸುತ್ತದೆ. ಇಟ್ಟು ನೋಡಿದಾಗ ಗೊತ್ತಾಗುತ್ತದೆ. 'ಮದುವೆ ನಡೆಯಿತು' ಸರಿ. 'ಮದುವೆ ಜರುಗಿತು' ಕೂಡ ಸರಿ, ಸ್ವಲ್ಪ ಆಹ್ವಾನ ಪತ್ರಿಕೆಯ ಧಾಟಿ. 'ಮದುವೆ ಹೋಯಿತು' ಅಂದರೆ ಕೇಳಿದವರು ಗಾಬರಿಯಾಗುತ್ತಾರೆ. 'ಮದುವೆ ಚಲಿಸಿತು' ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ.

ಬರೆಯುವಾಗ ಒಂದೇ ಪದ ಎರಡು ಸಲ ಬಂತು ಅಂತ ಸುಮ್ನೆ ಇನ್ನೊಂದನ್ನು ಹಾಕುವ ಅಭ್ಯಾಸ ತುಂಬ ಜನರಿಗಿದೆ. ಶಾಲೆಯಲ್ಲಿ ಸಮಾನಾರ್ಥಕ ಪದಗಳ ಪಟ್ಟಿ ಬಾಯಿಪಾಠ ಮಾಡಿದ್ದರ ಫಲ ಇದು. ಆದರೆ ಈ ಪದಗಳು ಒಂದೊಂದೂ ಚಲನೆಯ ಒಂದೊಂದು ತುಂಡನ್ನು ಹಿಡಿದುಕೊಂಡಿವೆ. ಆ ತುಂಡು ಯಾವುದು ಎಂದು ಗೊತ್ತಾದರೆ ಆಯ್ಕೆ ಸುಲಭ.

ದಾರಿಯ ಯಾವ ಭಾಗ?

ಒಂದು ನಿಜವಾದ ಪ್ರಯಾಣವನ್ನೇ ತೆಗೆದುಕೊಳ್ಳೋಣ. ಗಾಂಧೀಜಿ 1930ರ ಮಾರ್ಚ್ 12ರಂದು 78 ಜನರ ಜೊತೆ ಸಾಬರಮತಿ ಆಶ್ರಮದಿಂದ ಹೊರಟರು. ಸುಮಾರು 385 ಕಿಲೋಮೀಟರ್ ನಡೆದರು. ಊರಿಂದ ಊರಿಗೆ ಯಾತ್ರೆ ಸಾಗಿತು. ಏಪ್ರಿಲ್ 5ರಂದು ದಂಡಿ ತಲುಪಿದರು. ಮಾರನೆಯ ದಿನ ಉಪ್ಪಿನ ಕಾನೂನು ಮುರಿದರು.

ಈಗ ಪದಗಳನ್ನು ಅದಲು ಬದಲು ಮಾಡಿ ನೋಡಿ. 'ಮಾರ್ಚ್ 12ರಂದು ದಂಡಿಗೆ ಹೋದರು' ಎಂದು ಬರೆದರೆ ಓದುವವರು ಅವತ್ತೇ ದಂಡಿಯಲ್ಲಿದ್ದರು ಅಂದುಕೊಳ್ಳುತ್ತಾರೆ. ಯಾಕೆಂದರೆ 'ಹೋದರು' ಅನ್ನುವುದರಲ್ಲಿ ಹೊರಟದ್ದೂ ಇದೆ, ಮುಟ್ಟಿದ್ದೂ ಇದೆ. 'ಮಾರ್ಚ್ 12ರಂದು ದಂಡಿಗೆ ಹೊರಟರು' ಅಂದರೆ ಮಾತ್ರ ದಿನಾಂಕ ಸರಿಯಾಗಿ ಕೂರುತ್ತದೆ.

ಇನ್ನೊಂದು ನೋಡಿ. '24 ದಿನ ನಡೆದರು' ಅಂದರೆ ನಡಿಗೆಗೆ ಹಿಡಿದ ಕಾಲ ಗೊತ್ತಾಗುತ್ತದೆ. '24 ದಿನ ದಂಡಿಗೆ ಹೋದರು' ಅಂದರೆ? ದಿನಾ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದ ಹಾಗೆ, ಹೀಗೆ 24 ಸಲ. 'ಮೂರು ತಿಂಗಳು ಕೆಲಸಕ್ಕೆ ಹೋದೆ' ಅನ್ನುತ್ತೇವಲ್ಲ, ಅದೇ ಲೆಕ್ಕ. ಗುರಿ ಮುಟ್ಟುವುದು 'ಹೋಗು' ಒಳಗೇ ಇರುವುದರಿಂದ, ಅದಕ್ಕೆ ದಿನಗಳ ಲೆಕ್ಕ ಕಟ್ಟಿದರೆ ಅದು ಮತ್ತೆ ಮತ್ತೆ ಹೋದದ್ದಾಗುತ್ತದೆ. 'ನಡೆ' ಮತ್ತು 'ಸಾಗು' ಗುರಿಯನ್ನು ಕೇಳುವುದಿಲ್ಲ. ಎಲ್ಲಿಗೆ ಅಂತ ಹೇಳದೆಯೂ ಅವು ತುಂಬಿದ ಮಾತಾಗುತ್ತವೆ.

'ದಂಡಿಗೆ ಸಾಗಿತು' ಅನ್ನುವುದಕ್ಕಿಂತ 'ದಂಡಿಯತ್ತ ಸಾಗಿತು', 'ದಂಡಿಯ ಕಡೆಗೆ ಸಾಗಿತು' ಅನ್ನುವುದು ಕಿವಿಗೆ ಹಿತ. 'ಸಾಗು'ವಿನ ಗಮನವೆಲ್ಲ ನಡುದಾರಿಯ ಮೇಲೆ. 'ತಲುಪು', 'ಮುಟ್ಟು', 'ಸೇರು' ಇವು ಕೊನೆಯ ತುದಿ ಮಾತ್ರ. ಅವುಗಳಲ್ಲೂ ಸಣ್ಣ ವ್ಯತ್ಯಾಸ ಇದೆ: 'ಮನೆ ತಲುಪಿದೆ' ಒಂದು ಸುದ್ದಿ, 'ಮನೆ ಸೇರಿದೆ' ಅನ್ನುವುದರಲ್ಲಿ ಅಂತೂ ಇಂತೂ ಒಳಗೆ ಬಂದೆ ಎಂಬ ನೆಮ್ಮದಿ ಇದೆ. ಕತ್ತಲಾಯ್ತು, ಮಳೆ ಬಂತು, ಗಾಡಿ ಕೈಕೊಟ್ಟಿತು, ಹೇಗೋ ಮನೆ ಸೇರಿದೆ. ಅಲ್ಲಿ 'ತಲುಪಿದೆ' ಹಾಕಿದರೆ ಆ ಸುಸ್ತು ಕಾಣುವುದಿಲ್ಲ.

ಹೊರಡು, ಹೋಗು

ಈ ಜೋಡಿಯನ್ನು ಎಲ್ಲರೂ ದಿನಾ ಸರಿಯಾಗೇ ಬಳಸುತ್ತಾರೆ, ಆದರೆ ಬರೆಯಲು ಕೂತಾಗ ಮರೆಯುತ್ತಾರೆ. ಬಸ್ ನಿಲ್ದಾಣಕ್ಕೆ ಓಡಿ ಬಂದವನಿಗೆ ಯಾರೋ 'ಬಸ್ ಹೊರಟಿತು' ಅಂದರೆ ಅವನು ಇನ್ನೂ ಜೋರಾಗಿ ಓಡುತ್ತಾನೆ. ಕಣ್ಣಳತೆಯಲ್ಲೇ ಇರುತ್ತದೆ, ಕೈ ಬೀಸಿದರೆ ನಿಲ್ಲಿಸಬಹುದು. 'ಬಸ್ ಹೋಯಿತು' ಅಂದರೆ ಅಲ್ಲೇ ನಿಂತು ಉಸಿರು ಬಿಡುತ್ತಾನೆ. ಒಂದು ಪದದಲ್ಲಿ ಬಸ್ ಇನ್ನೂ ಸಿಗುತ್ತದೆ, ಇನ್ನೊಂದರಲ್ಲಿ ಇಲ್ಲ.

ಇದೇ ವ್ಯತ್ಯಾಸ ಬೇರೆ ಕ್ರಿಯಾಪದಗಳ ಜೊತೆ ಸೇರಿದಾಗಲೂ ಉಳಿಯುತ್ತದೆ. 'ಹೇಳಲು ಹೊರಟೆ' ಅಂದರೆ ಬಾಯಿ ತೆರೆಯುವುದರಲ್ಲಿದ್ದೆ, ಅಷ್ಟರಲ್ಲಿ ಏನೋ ಆಯಿತು. 'ಹೇಳಲು ಹೋದೆ' ಅಂದರೆ ಹೇಳುವ ಪ್ರಯತ್ನ ಮಾಡಿದೆ, ಅದು ಕೆಟ್ಟಿತು. 'ಬುದ್ಧಿ ಹೇಳಲು ಹೋಗಿ ಬೈಸಿಕೊಂಡೆ.' 'ಒಳ್ಳೆಯದು ಮಾಡಲು ಹೋಗಿ ಕೆಟ್ಟದಾಯಿತು.' ಈ 'ಹೋಗಿ' ಬಂದ ಕೂಡಲೇ ಮುಂದೆ ಎಡವಟ್ಟು ಬರುತ್ತದೆ ಅಂತ ಓದುಗ ಕಾಯುತ್ತಾನೆ. ಒಂದು ಗಂಭೀರ ಲೇಖನದಲ್ಲಿ 'ಈ ಸಮಸ್ಯೆಯನ್ನು ವಿವರಿಸಲು ಹೋಗುತ್ತೇನೆ' ಎಂದು ಬರೆದರೆ ಬರೆದವರ ಮೇಲೆ ನಂಬಿಕೆ ಕಡಿಮೆ ಆಗುತ್ತದೆ. 'ವಿವರಿಸಲು ಹೊರಟಿದ್ದೇನೆ' ಅನ್ನಿ, ಇಲ್ಲವೇ ಸುಮ್ಮನೆ 'ವಿವರಿಸುತ್ತೇನೆ' ಅನ್ನಿ.

'ಹೋಗು'ವಿಗೆ ಕಳೆದುಕೊಳ್ಳುವ ಬಣ್ಣವೂ ಇದೆ. ಕರೆಂಟು ಹೋಯಿತು, ಮಾನ ಹೋಯಿತು, ಕೆಲಸ ಹೋಯಿತು, ಪ್ರಾಣ ಹೋಯಿತು. ಇಲ್ಲಿ ಯಾವ ಸಮಾನಾರ್ಥಕವೂ ಹೊಂದುವುದಿಲ್ಲ. ಕರೆಂಟು ತೆರಳುವುದಿಲ್ಲ, ಮಾನ ಸಾಗುವುದಿಲ್ಲ. ಹಾಗೇ 'ಮರೆತೆ' ಮತ್ತು 'ಮರೆತು ಹೋಯಿತು' ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 'ಮರೆತೆ' ಅಂದವರು ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ. 'ಮರೆತು ಹೋಯಿತು' ಅಂದವರು ಅದು ತಾನಾಗಿ ಆಯಿತು ಅನ್ನುತ್ತಾರೆ. 'ಲೋಟ ಒಡೆದೆ', 'ಲೋಟ ಒಡೆದು ಹೋಯಿತು' ಕೂಡ ಹಾಗೇ. ಕ್ಷಮೆ ಕೇಳುವ ಪತ್ರ ಬರೆಯುವಾಗ ಈ ಆಯ್ಕೆ ಸಣ್ಣದಲ್ಲ. ನಿಜವಾಗಿ ಕ್ಷಮೆ ಕೇಳಬೇಕೆಂದಿದ್ದರೆ 'ಹೋಯಿತು' ಬಿಟ್ಟು ಬರೆಯಿರಿ.

ಬೀಳ್ಕೊಡುವಾಗ 'ಹೋಗುತ್ತೇನೆ' ಅನ್ನದೆ 'ಬರುತ್ತೇನೆ', 'ಹೋಗಿ ಬರುತ್ತೇನೆ' ಅನ್ನುವುದೂ ಈ ಕಳೆದುಕೊಳ್ಳುವ ಬಣ್ಣದಿಂದಲೇ. 'ಹೋದರು' ಅಂದರೆ ತೀರಿಕೊಂಡರು ಅಂತಲೂ ಆಗುತ್ತದಲ್ಲ. ಹಿರಿಯರೊಬ್ಬರ ಬಗ್ಗೆ ಬರೆಯುವಾಗ 'ಅವರು ನಿನ್ನೆ ಹೋದರು' ಎಂದು ಒಂಟಿಯಾಗಿ ನಿಲ್ಲಿಸಬೇಡಿ. 'ಊರಿಗೆ ಹೋದರು', 'ಹೊರಟರು' ಎಂದು ಬಿಡಿಸಿ ಬರೆಯಿರಿ.

ನಡೆ, ಸಾಗು

ನನ್ನ ಪ್ರಕಾರ ಈ ಇಡೀ ಗುಂಪಿನಲ್ಲಿ ಜಾಸ್ತಿ ಗಮನ ಕೊಡಬೇಕಾದ ಜೋಡಿ ಇದು. ಎರಡನ್ನೂ ಕೆಲಸದ ಬಗ್ಗೆ, ಬದುಕಿನ ಬಗ್ಗೆ, ಮಾತುಕತೆಯ ಬಗ್ಗೆ ಹೇಳುತ್ತೇವೆ. ಒಂದು ವಾಕ್ಯ ಸಾಕು ವ್ಯತ್ಯಾಸ ತೋರಿಸಲು: 'ಕೆಲಸ ನಡೀತಾ ಇದೆ, ಆದರೆ ಸಾಗ್ತಾ ಇಲ್ಲ.'

ಕಟ್ಟಡದ ಹತ್ತಿರ ಹೋದರೆ ಜನ ಇದ್ದಾರೆ, ಸಿಮೆಂಟು ಕಲಸುತ್ತಿದ್ದಾರೆ, ಸದ್ದು ಇದೆ. ಅಂದರೆ ಕೆಲಸ ನಿಂತಿಲ್ಲ, ನಡೆಯುತ್ತಿದೆ. ಆದರೆ ಕಳೆದ ತಿಂಗಳು ಎಷ್ಟು ಎತ್ತರ ಇತ್ತೋ ಗೋಡೆ ಈಗಲೂ ಹೆಚ್ಚು ಕಡಿಮೆ ಅಷ್ಟೇ ಇದೆ. ಅಂದರೆ ಸಾಗುತ್ತಿಲ್ಲ. 'ನಡೆ' ಚಟುವಟಿಕೆ ಇದೆಯೋ ಇಲ್ಲವೋ ಅನ್ನುತ್ತದೆ. 'ಸಾಗು' ಮುಂದಕ್ಕೆ ಹೋಯಿತೋ ಇಲ್ಲವೋ ಅನ್ನುತ್ತದೆ. ವರದಿ ಬರೆಯುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. 'ತನಿಖೆ ನಡೆಯುತ್ತಿದೆ' ಎಂದು ಬರೆದರೆ ತನಿಖೆ ಮುಚ್ಚಿಲ್ಲ ಅಂತ ಅಷ್ಟೇ. ಹೊಸದೇನೋ ಸಿಕ್ಕಿದ್ದರೆ 'ತನಿಖೆ ಮುಂದೆ ಸಾಗಿದೆ' ಅನ್ನಬಹುದು.

ಬದುಕಿಗೆ ಬಂದರೆ 'ಜೀವನ ನಡೀತಿದೆ' ಅನ್ನುವುದರಲ್ಲಿ ಹೇಗೋ ದಿನ ದೂಡುತ್ತಿದ್ದೇವೆ, ಊಟ ಬಟ್ಟೆಗೆ ತೊಂದರೆ ಇಲ್ಲ ಎಂಬ ಧ್ವನಿ. 'ಬದುಕು ಸಾಗಿದೆ' ಅನ್ನುವುದರಲ್ಲಿ ಕಾಲ ಸರಿದ ಧ್ವನಿ, ಒಂದು ದೂರ ಕ್ರಮಿಸಿದ ಧ್ವನಿ. ಕವಿತೆಗೆ ಎರಡನೆಯದು ಬೇಗ ಒಗ್ಗುತ್ತದೆ. ಮಾತಿಗೆ ಮೊದಲನೆಯದು.

ವಸ್ತುವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದಕ್ಕೆ 'ಸಾಗಿಸು' ಎಂದೇ ಹೇಳಬೇಕು. ಅಕ್ಕಿ ಸಾಗಿಸಿದರು, ಮರಳು ಸಾಗಣೆ. ಇಲ್ಲಿ 'ನಡೆಸು' ಹಾಕಿದರೆ ಅರ್ಥವೇ ಹೋಗುತ್ತದೆ. 'ಸಾಗಹಾಕು' ಎಂಬ ಇನ್ನೊಂದು ಚೆಂದದ ಪದ ಇದೆ. ಬೇಡದವರನ್ನು ನಯವಾಗಿ ಕಳಿಸುವುದು. 'ಏನೋ ಒಂದು ನೆಪ ಹೇಳಿ ಅವನನ್ನು ಸಾಗಹಾಕಿದೆ.' ಇದಕ್ಕೆ 'ಕಳಿಸಿದೆ' ಅಂದರೆ ಆ ಜಾಣತನ ಬರುವುದಿಲ್ಲ.

ಆಗುವುದು, ನಡೆಯುವುದು, ಜರುಗುವುದು

ಕಾಲಿನ ಪದವೊಂದು ಘಟನೆಯ ಪದವಾಗಿರುವುದು ಕನ್ನಡದಲ್ಲಷ್ಟೇ ಅಲ್ಲ. ತಮಿಳಿನಲ್ಲೂ ತುಳುವಿನಲ್ಲೂ ಇದೇ ಬೇರಿನ ಪದಕ್ಕೆ ಕಾಲಲ್ಲಿ ಹೋಗುವುದು, ಸಂಗತಿ ಆಗುವುದು ಎಂಬ ಎರಡೂ ಅರ್ಥ ಇದೆ. ಹೀಗಾಗಿ ಬೇರೆ ಭಾಷೆಯಿಂದ ಕನ್ನಡಕ್ಕೆ ತರುವಾಗ ಒಂದೇ ಪದಕ್ಕೆ ಎಲ್ಲಿ 'ಆಯಿತು', ಎಲ್ಲಿ 'ನಡೆಯಿತು', ಎಲ್ಲಿ 'ಸಂಭವಿಸಿತು' ಎಂದು ಯೋಚಿಸಬೇಕಾಗುತ್ತದೆ.

ನಾನು ಹಿಡಿಯುವ ದಾರಿ ಹೀಗಿದೆ. ಆ ಸಂಗತಿಗೆ ಶುರು, ನಡು, ಕೊನೆ ಇದೆಯಾ? ಯಾರಾದರೂ ಮನುಷ್ಯರು ಅದರೊಳಗೆ ಇದ್ದು ಅದನ್ನು ಮುಂದಕ್ಕೆ ಒಯ್ಯುತ್ತಾರಾ? ಹೌದಾದರೆ 'ನಡೆಯಿತು'. ಸಭೆ ನಡೆಯಿತು, ಪರೀಕ್ಷೆ ನಡೆಯಿತು, ಚುನಾವಣೆ ನಡೆಯಿತು, ಜಗಳ ನಡೆಯಿತು. ತಾನಾಗಿ ಬಂದೆರಗುವುದಾದರೆ 'ಆಯಿತು' ಅಥವಾ 'ಸಂಭವಿಸಿತು'. 'ಭೂಕಂಪ ಆಯಿತು', 'ಭೂಕಂಪ ಸಂಭವಿಸಿತು' ಸಹಜ. 'ಭೂಕಂಪ ನಡೆಯಿತು' ಅಂದರೆ ಯಾರೋ ಏರ್ಪಾಡು ಮಾಡಿದ ಹಾಗೆ ಕೇಳಿಸುತ್ತದೆ. ಮಳೆಗೆ ಇವು ಮೂರರಲ್ಲಿ 'ಆಯಿತು' ಒಂದೇ, ಇಲ್ಲವಾದರೆ 'ಮಳೆ ಬಂತು'.

ಈ ಗೆರೆ ಎಲ್ಲ ಕಡೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಅಪಘಾತವನ್ನು ಯಾರೂ ಬೇಕೆಂದು ಮಾಡುವುದಿಲ್ಲ, ಆದರೂ 'ಅಪಘಾತ ನಡೆದ ಸ್ಥಳ' ಎಂದು ಪತ್ರಿಕೆಗಳು ಬರೆಯುತ್ತವೆ, ಅದು ಒಗ್ಗಿಹೋಗಿದೆ. ಮನುಷ್ಯರು ಅದರೊಳಗೆ ಇದ್ದಾರೆ ಅನ್ನುವುದೇ ಅಲ್ಲಿ ಸಾಕಾಗಿದೆ.

'ಆಯಿತು' ಮತ್ತು 'ನಡೆಯಿತು' ಎರಡೂ ಹೊಂದುವ ಕಡೆ ಸೂಕ್ಷ್ಮ ಇರುತ್ತದೆ. 'ಅವರ ಮದುವೆ ಆಯಿತು' ಅಂದರೆ ಈಗ ಅವರು ಮದುವೆಯಾದವರು. ಗಮನ ಫಲಿತಾಂಶದ ಮೇಲೆ. 'ಅವರ ಮದುವೆ ನಡೆಯಿತು' ಅಂದರೆ ಕಣ್ಣ ಮುಂದೆ ಚಪ್ಪರ, ಜನ, ಓಡಾಟ ಬರುತ್ತದೆ. 'ಅವರಿಗೆ ಮದುವೆ ಆಗಿದೆಯಾ?' ಎಂದು ಕೇಳುತ್ತೇವೆ, 'ನಡೆದಿದೆಯಾ?' ಎಂದು ಕೇಳುವುದಿಲ್ಲ. 'ಮದುವೆ ಎಲ್ಲಿ ನಡೆಯಿತು?' ಎಂದು ಕೇಳುತ್ತೇವೆ.

'ಜರುಗು' ಕೂಡ ಮೂಲದಲ್ಲಿ ಚಲನೆಯ ಪದವೇ. 'ಸ್ವಲ್ಪ ಆಚೆ ಜರುಗಿ' ಅಂದರೆ ಜಾಗ ಬಿಡಿ ಅಂತ. ಘಟನೆಯ ಅರ್ಥದಲ್ಲಿ ಅದು ಆಹ್ವಾನ ಪತ್ರಿಕೆಗೆ, ಪ್ರಕಟಣೆಗೆ ಸೇರಿದ್ದು. 'ಕ್ರಮ ಜರುಗಿಸಲಾಗುವುದು' ಎಂಬ ಕಚೇರಿ ಮಾತು ಎಲ್ಲರೂ ಕೇಳಿದ್ದೇ. ಮನೆಯ ಮಾತಿನಲ್ಲಿ 'ಏನು ಜರುಗಿತು?' ಎಂದು ಯಾರೂ ಕೇಳುವುದಿಲ್ಲ, 'ಏನಾಯ್ತು?' ಅಂತಲೇ ಕೇಳುತ್ತಾರೆ. ಕಥೆಯ ಪಾತ್ರ ಗಾಬರಿಯಲ್ಲಿ 'ಏನು ನಡೆಯಿತು?' ಅಂದರೆ ಅದು ಡಬ್ಬಿಂಗ್ ಮಾತಿನ ಹಾಗೆ ಕೇಳುತ್ತದೆ. 'ಘಟಿಸು' ಬರೀ ಬರಹದ ಪದ. ದೊಡ್ಡ, ತಿರುಗಿ ಬಾರದ ಸಂಗತಿಗೆ ಇಟ್ಟುಕೊಳ್ಳಿ. ಸಣ್ಣದಕ್ಕೆ ಹಾಕಿದರೆ ಭಾರವಾಗುತ್ತದೆ.

'ನಡೆಯುತ್ತದೆ' ಎಂದರೆ 'ಪರವಾಗಿಲ್ಲ, ಅದೂ ಆಗುತ್ತದೆ' ಎಂಬ ಅರ್ಥವೂ ಇದೆ. 'ನೀಲಿ ಪೆನ್ನಿಲ್ಲ, ಕಪ್ಪು ನಡೆಯುತ್ತಾ?' 'ನಡೆಯುತ್ತೆ.' ಉತ್ತರ ಕರ್ನಾಟಕದ ಮಾತಿನಲ್ಲಿ ಇದು 'ನಡೀತದ' ಆಗಿ ದಿನವಿಡೀ ಕೇಳಿಬರುತ್ತದೆ. ಅಲ್ಲಿ 'ನಡೀರಿ' ಅಂದರೆ 'ಹೊರಡೋಣ ಬನ್ನಿ' ಅಂತಲೂ ಹೌದು. ಗಾಡಿ ಹತ್ತಿಸಿಕೊಳ್ಳುವವರೂ 'ನಡೀರಿ' ಅನ್ನುತ್ತಾರೆ, ಕಾಲ್ನಡಿಗೆಗೂ ಅದಕ್ಕೂ ಸಂಬಂಧ ಇಲ್ಲ.

ನಡೆಸು, ಮಾಡು, ಓಡಿಸು

'ಅಂಗಡಿ ಮಾಡಿದ' ಅಂದರೆ ಹೊಸದಾಗಿ ತೆರೆದ. 'ಅಂಗಡಿ ನಡೆಸಿದ' ಅಂದರೆ ಅದನ್ನು ವರ್ಷಗಟ್ಟಲೆ ನೋಡಿಕೊಂಡ. 'ಸಂಸಾರ ಮಾಡು' ಅಂದರೆ ಗಂಡ ಹೆಂಡತಿಯಾಗಿ ಬಾಳುವುದು. 'ಸಂಸಾರ ನಡೆಸು' ಅಂದರೆ ಖರ್ಚು ವೆಚ್ಚ ತೂಗಿಸಿಕೊಂಡು ಮನೆ ನೋಡಿಕೊಳ್ಳುವುದು. ಸಂಬಳದ ಮಾತು ಬಂದ ಕಡೆ ಎರಡನೆಯದೇ ಸರಿ. ಗಾಡಿಯನ್ನು ಮಾತ್ರ 'ಓಡಿಸು'ತ್ತೇವೆ, ನಡೆಸುವುದಿಲ್ಲ. ಎಷ್ಟೇ ನಿಧಾನ ಹೋದರೂ ಸರಿ.

ಈ 'ನಡೆಸು'ವಿಗೆ ಬಾಲ ಸೇರಿದಾಗ ಅರ್ಥ ಪೂರ್ತಿ ತಿರುಗುತ್ತದೆ. ಹೊಸದಾಗಿ ಕನ್ನಡ ಕಲಿಯುವವರು ಇಲ್ಲೇ ಹೆಚ್ಚು ಎಡವುತ್ತಾರೆ. 'ಚೆನ್ನಾಗಿ ನಡೆದುಕೊಂಡ' ಅಂದರೆ ಅವನ ವರ್ತನೆ ಚೆನ್ನಾಗಿತ್ತು. 'ಅವರನ್ನು ಚೆನ್ನಾಗಿ ನಡೆಸಿಕೊಂಡ' ಅಂದರೆ ಅವರಿಗೆ ಮರ್ಯಾದೆ ಕೊಟ್ಟ, ಆರೈಕೆ ಮಾಡಿದ. 'ಕಾರ್ಯಕ್ರಮ ನಡೆಸಿಕೊಟ್ಟ' ಅಂದರೆ ಬೇರೆಯವರಿಗಾಗಿ ಅದನ್ನು ನಿರ್ವಹಿಸಿದ. ಕೇಳಿದ್ದನ್ನು ನೆರವೇರಿಸಿದರೂ 'ನಡೆಸಿಕೊಟ್ಟ' ಎನ್ನುತ್ತೇವೆ. ಮೂರೂ ಒಂದೇ ಬೇರಿನವು. ಒಂದರಲ್ಲಿ ನಾನು, ಒಂದರಲ್ಲಿ ನನ್ನ ಕೈಯಲ್ಲಿರುವವರು, ಒಂದರಲ್ಲಿ ನನ್ನಿಂದ ಪಡೆಯುವವರು. ಆಳುಗಳನ್ನು, ಸೊಸೆಯಂದಿರನ್ನು, ಕೈದಿಗಳನ್ನು 'ನಡೆಸಿಕೊಳ್ಳು'ವ ಬಗ್ಗೆ ಬರೆಯುವಾಗ ಆ ಪದದೊಳಗೆ ಒಬ್ಬರ ಕೈ ಮೇಲಿದೆ ಅನ್ನುವುದು ನೆನಪಿರಲಿ. ಸಮಾನರ ನಡುವೆ ಈ ಪದ ಅಷ್ಟು ಹೊಂದುವುದಿಲ್ಲ. ಗೆಳೆಯರು ಒಬ್ಬರ ಜೊತೆ ಒಬ್ಬರು 'ನಡೆದುಕೊಳ್ಳುತ್ತಾರೆ'.

ಒಂದು ಸಣ್ಣ ಬಲೆ ಇದೆ. 'ನಡೆದುಕೊಂಡು ಬಂದ' ಅಂದರೆ ಕಾಲಲ್ಲಿ ಬಂದ. 'ಪರಂಪರೆಯಿಂದ ನಡೆದುಕೊಂಡು ಬಂದ ಪದ್ಧತಿ' ಅಂದರೆ ಹಿಂದಿನಿಂದ ಉಳಿದು ಬಂದದ್ದು. 'ಅವನು ಇಷ್ಟು ವರ್ಷ ಒಳ್ಳೆಯ ರೀತಿ ನಡೆದುಕೊಂಡು ಬಂದ' ಅಂದರೆ ವರ್ತನೆ. ಪಕ್ಕದ ಪದಗಳೇ ಅರ್ಥ ತೀರ್ಮಾನಿಸುತ್ತವೆ. ಆದ್ದರಿಂದ ಪಕ್ಕದ ಪದಗಳನ್ನು ಬಿಗಿಯಾಗಿ ಇಡಿ.

ನಡೆ, ನಡಿಗೆ, ನಡತೆ, ನಡವಳಿಕೆ, ನಡವಳಿ

ನಾಮಪದಗಳಲ್ಲಿ ಗೊಂದಲ ಇನ್ನೂ ಜಾಸ್ತಿ. 'ನಡಿಗೆ' ಕಾಲಿಗೆ ಸೇರಿದ್ದು: ಮೆಲ್ಲನೆಯ ನಡಿಗೆ, ಬೆಳಗಿನ ನಡಿಗೆ, ಕಾಲ್ನಡಿಗೆ. 'ನಡತೆ' ಒಳ್ಳೆಯದು ಕೆಟ್ಟದ್ದು ಎಂದು ತೂಗುವಂಥದ್ದು. ಸನ್ನಡತೆ, ದುರ್ನಡತೆ, ನಡತೆ ಪ್ರಮಾಣಪತ್ರ. 'ನಡವಳಿಕೆ' ಕಣ್ಣಿಗೆ ಕಾಣುವ ರೀತಿ, ಅದರಲ್ಲಿ ತೀರ್ಪು ಕಡಿಮೆ. ಮಗುವಿನ ನಡವಳಿಕೆಯಲ್ಲಿ ಬದಲಾವಣೆ ಕಂಡಿತು ಅಂದರೆ ಕಾಳಜಿ. ಮಗುವಿನ ನಡತೆ ಸರಿಯಿಲ್ಲ ಅಂದರೆ ದೂರು. ಶಾಲೆಯಿಂದ ಮನೆಗೆ ಚೀಟಿ ಬರೆಯುವವರು ದಯವಿಟ್ಟು ಮೊದಲನೆಯದನ್ನು ಆರಿಸಿಕೊಳ್ಳಿ. 'ವರ್ತನೆ' ಇನ್ನೂ ತಟಸ್ಥ. ಪ್ರಾಣಿಗಳ ವರ್ತನೆ, ಲೋಹದ ವರ್ತನೆ ಅನ್ನಬಹುದು. ಲೋಹಕ್ಕೆ ನಡತೆ ಇರುವುದಿಲ್ಲ.

'ನಡವಳಿ' ಕಚೇರಿಯ ಪದ. ಸಭೆಯಲ್ಲಿ ಏನೇನಾಯಿತು ಎಂಬ ದಾಖಲೆ. ಕರ್ನಾಟಕ ಸರ್ಕಾರದ ಆದೇಶ ಒಂದನ್ನು ಕೈಗೆತ್ತಿಕೊಂಡು ನೋಡಿ, ಮೇಲ್ಗಡೆಯೇ 'ಕರ್ನಾಟಕ ಸರ್ಕಾರದ ನಡವಳಿಗಳು' ಎಂದಿರುತ್ತದೆ. ಅದನ್ನು 'ಸರ್ಕಾರದ ವರ್ತನೆ' ಎಂದು ಓದಿಕೊಂಡರೆ ತಪ್ಪು.

'ನಡೆ' ಎಂಬ ನಾಮಪದವೇ ಇವೆಲ್ಲಕ್ಕಿಂತ ಹಿಗ್ಗುವಂಥದ್ದು. 12ನೇ ಶತಮಾನದ ವಚನಗಳಲ್ಲಿ ನಡೆ ಮತ್ತು ನುಡಿ ಮತ್ತೆ ಮತ್ತೆ ಜೋಡಿಯಾಗಿ ಬರುತ್ತವೆ: ಆಡಿದ್ದು ನುಡಿ, ಬಾಳಿದ್ದು ನಡೆ. ಇವತ್ತಿಗೂ 'ನಡೆ ನುಡಿ' ಅಂದರೆ ಒಬ್ಬರ ಇಡೀ ವ್ಯಕ್ತಿತ್ವ. ಚದುರಂಗದಲ್ಲಿ ಒಂದು ಕಾಯಿ ಇಡುವುದು ನಡೆ. ಕುದುರೆಯ ನಡೆ ಎರಡು ಮನೆ ನೇರಕ್ಕೆ, ಒಂದು ಮನೆ ಪಕ್ಕಕ್ಕೆ. ಅಲ್ಲಿಂದಲೇ 'ಪಕ್ಷದ ಮುಂದಿನ ನಡೆ ಏನು?' ಎಂಬ ರಾಜಕೀಯ ಮಾತಿಗೆ ಅರ್ಥ ಬರುವುದು. ಲೆಕ್ಕ ಹಾಕಿ ಇಟ್ಟ ಹೆಜ್ಜೆ ಅಂತ. ಕರ್ನಾಟಕ ಸಂಗೀತದಲ್ಲಿ ಒಂದು ಎಣಿಕೆಯೊಳಗೆ ಎಷ್ಟು ಅಕ್ಷರ ಕೂರುತ್ತದೆ ಅನ್ನುವುದು ನಡೆ. ತಿಶ್ರಕ್ಕೆ 3, ಚತುರಶ್ರಕ್ಕೆ 4, ಖಂಡಕ್ಕೆ 5, ಮಿಶ್ರಕ್ಕೆ 7, ಸಂಕೀರ್ಣಕ್ಕೆ 9. ಅಲ್ಲಿ ಇದಕ್ಕೆ 'ಗತಿ' ಎಂದೂ ಹೇಳುತ್ತಾರೆ, ಎರಡೂ ಒಂದೇ. ಸಂಗೀತದ ಹೊರಗೆ ಬಂದರೆ ಒಂದಲ್ಲ. 'ನನಗೆ ಇದೇ ಗತಿ' ಅಂದರೆ ಬೇರೆ ದಾರಿಯಿಲ್ಲದ ಸ್ಥಿತಿ. 'ನನ್ನ ನಡೆ ಇದು' ಅಂದರೆ ನಾನೇ ಆರಿಸಿಕೊಂಡದ್ದು.

ಕಾಲು ಮತ್ತು ಚಕ್ರ

ನಡೆಯುವುದಕ್ಕೂ ಓಡುವುದಕ್ಕೂ ವ್ಯತ್ಯಾಸ ವೇಗದಲ್ಲಿದೆ ಅಂದುಕೊಳ್ಳುತ್ತೇವೆ. ನಡಿಗೆ ಸ್ಪರ್ಧೆಯ ನಿಯಮ ಇದನ್ನು ಬೇರೆ ರೀತಿ ನೋಡುತ್ತದೆ. ಕಣ್ಣಿಗೆ ಕಾಣುವಂತೆ ಎರಡೂ ಪಾದ ಒಟ್ಟಿಗೆ ನೆಲ ಬಿಡಬಾರದು. ಮುಂದಿಟ್ಟ ಕಾಲು ನೆಲ ಮುಟ್ಟಿದಾಗಿನಿಂದ ಮೈ ಅದರ ಮೇಲೆ ನೇರವಾಗಿ ಬರುವವರೆಗೂ ಮಂಡಿ ಮಡಿಸಬಾರದು. ಓಟದಲ್ಲಿ ಮಾತ್ರ ಎರಡೂ ಕಾಲು ಗಾಳಿಯಲ್ಲಿರುವ ಗಳಿಗೆ ಇರುತ್ತದೆ. ಅಂದರೆ ಎಷ್ಟೇ ಜೋರಾಗಿ ಹೋದರೂ ಅದು 'ನಡೆದ'ದ್ದೇ ಆಗಬಹುದು. 'ಬಿರಬಿರನೆ ನಡೆದ', 'ದಾಪುಗಾಲು ಹಾಕಿದ' ಎಂಬ ಮಾತುಗಳು ಕನ್ನಡದಲ್ಲಿ ಇರುವುದು ಇದಕ್ಕೇ. ಅವಸರ ತೋರಿಸಲು ಎಲ್ಲ ಕಡೆ 'ಓಡಿದ' ಹಾಕಬೇಕಿಲ್ಲ.

ಓಡುವುದು ಯಂತ್ರಕ್ಕೂ ಹೊಂದುತ್ತದೆ: ಗಡಿಯಾರ ಓಡುತ್ತಿದೆ, ಬಸ್ ಓಡುತ್ತಿದೆ, ಸಿನಿಮಾ ನೂರು ದಿನ ಓಡಿತು. 'ಧಾವಿಸು' ಮನುಷ್ಯರಿಗೆ, ಅದೂ ನೆರವಿಗೆ ಅಥವಾ ತುರ್ತಿಗೆ. 'ಸಹಾಯಕ್ಕೆ ಧಾವಿಸಿದರು' ಸರಿ. ಬೆಳಿಗ್ಗೆ ವ್ಯಾಯಾಮಕ್ಕೆ ಯಾರೂ ಧಾವಿಸುವುದಿಲ್ಲ, ಓಡುತ್ತಾರೆ.

'ಆಡು' ಸೇರಿದ ಪದಗಳನ್ನು ಬೇರೆಯಾಗಿ ನೋಡಬೇಕು. 'ಓಡಾಡು'ವಿನಲ್ಲಿ ಓಟ ಇಲ್ಲ. ಕೆಲಸಕ್ಕೆ, ಆಸ್ಪತ್ರೆಗೆ, ಬ್ಯಾಂಕಿಗೆ ಹೋಗಿ ಬಂದು ಮಾಡುವುದೇ ಓಡಾಟ. ಕಾಯಿಲೆಯಿಂದ ಎದ್ದವರು ಮೊದಲು 'ನಡೆದಾಡುತ್ತಾರೆ', ಆಮೇಲೆ 'ಓಡಾಡುತ್ತಾರೆ'. ಮೊದಲನೆಯದು ಕಾಲಿನ ಶಕ್ತಿ, ಎರಡನೆಯದು ದಿನಚರಿ. 'ಅಡ್ಡಾಡು' ಅಂದರೆ ಗುರಿಯಿಲ್ಲದೆ ಹಗುರಾಗಿ ನಡೆಯುವುದು. 'ಸುತ್ತಾಡು', 'ತಿರುಗಾಡು' ಖುಷಿಗೆ, ನೋಡುವುದಕ್ಕೆ. 'ಅಲೆ', 'ಅಲೆದಾಡು' ಬಂದರೆ ಅಲ್ಲಿ ಕಷ್ಟ ಇದೆ. ಒಂದು ಸಹಿಗಾಗಿ ವಾರಗಟ್ಟಲೆ ಅಲೆದವರು 'ಕಚೇರಿಯಲ್ಲಿ ಸುತ್ತಾಡಿದೆ' ಅನ್ನುವುದಿಲ್ಲ. ಅವರ ಕಥೆ ಬರೆಯುವಾಗ ಈ ಪದ ತಪ್ಪಿದರೆ ಅವರ ನೋವೇ ತಪ್ಪಿಹೋಗುತ್ತದೆ.

ತಿರುಗುವುದಕ್ಕೂ ಸುತ್ತುವುದಕ್ಕೂ ವಿಜ್ಞಾನ ಬರೆಯುವವರು ಗೆರೆ ಎಳೆದುಕೊಳ್ಳುವುದು ಒಳ್ಳೆಯದು. ಭೂಮಿ ತನ್ನ ಅಕ್ಷದಲ್ಲಿ ತಿರುಗುತ್ತದೆ, ಅದರಿಂದ ಹಗಲು ರಾತ್ರಿ. ಭೂಮಿ ಸೂರ್ಯನನ್ನು ಸುತ್ತುತ್ತದೆ, ಅದಕ್ಕೆ ಸುಮಾರು 365 ಕಾಲು ದಿನ. 'ಸೂರ್ಯನ ಸುತ್ತ ತಿರುಗುತ್ತದೆ' ಎಂದರೂ ಮಾತಿನಲ್ಲಿ ನಡೆಯುತ್ತದೆ, ಆದರೆ ಎರಡೂ ಚಲನೆ ಒಂದೇ ಪ್ಯಾರಾದಲ್ಲಿ ಬಂದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.

ತೆರಳು, ಚಲಿಸು ಮತ್ತು ಬರಹದ ಧಾಟಿ

'ತೆರಳು' ಅಚ್ಚಗನ್ನಡದ ಪದ, ಆದರೆ ಈಗ ಬಾಯಲ್ಲಿ ಉಳಿದಿಲ್ಲ. ಸುದ್ದಿಯಲ್ಲಿದೆ: 'ಸಚಿವರು ದೆಹಲಿಗೆ ತೆರಳಿದರು', 'ಪೊಲೀಸರು ಸ್ಥಳಕ್ಕೆ ತೆರಳಿ ಪರಿಶೀಲಿಸಿದರು'. ಅದಕ್ಕೆ ಒಂದು ದೂರ, ಒಂದು ಗೌರವ ಇದೆ. ಹಾಗಂತ ಅಜ್ಜಿ ತರಕಾರಿ ತರಲು ತೆರಳುವುದಿಲ್ಲ, ಮಗು ಆಟಕ್ಕೆ ತೆರಳುವುದಿಲ್ಲ. ಸಂಭಾಷಣೆಯೊಳಗೆ ಈ ಪದ ಹಾಕಲೇಬೇಡಿ. 'ಪ್ರಯಾಣಿಸು' ದೂರಕ್ಕೆ ಮತ್ತು ವಾಹನಕ್ಕೆ. ಪಕ್ಕದ ಬೀದಿಗೆ ಯಾರೂ ಪ್ರಯಾಣಿಸುವುದಿಲ್ಲ. 'ನಿರ್ಗಮಿಸು' ನಾಟಕದ ಹಸ್ತಪ್ರತಿಗೆ, ರೈಲಿನ ವೇಳಾಪಟ್ಟಿಗೆ.

'ಚಲಿಸು' ಸಂಸ್ಕೃತದಿಂದ ಬಂದದ್ದು. ಎಲ್ಲಿಗೆ, ಯಾಕೆ ಎಂಬ ಪ್ರಶ್ನೆಯೇ ಇಲ್ಲದ ಬರೀ ಚಲನೆ ಅದು. ಹಾಗಾಗಿ ಭೌತಶಾಸ್ತ್ರಕ್ಕೆ ಅದು ಹೇಳಿ ಮಾಡಿಸಿದ ಪದ. ನ್ಯೂಟನ್ 1687ರಲ್ಲಿ ಪ್ರಕಟಿಸಿದವು 'ಚಲನೆಯ ನಿಯಮಗಳು'. ಅವನ್ನು 'ನಡಿಗೆಯ ನಿಯಮಗಳು' ಅಂದರೆ ಕಲ್ಲಿಗೂ ಕಾಲು ಬಂದಂತಾಗುತ್ತದೆ. 'ಚಲಿಸುವ ಬಸ್ಸಿನಿಂದ ಇಳಿಯಬೇಡಿ' ಎಂಬಲ್ಲೂ ಅದೇ: ಬಸ್ ಎಲ್ಲಿಗಾದರೂ ಹೋಗಲಿ, ನಿಂತಿಲ್ಲ ಅನ್ನುವುದಷ್ಟೇ ಮುಖ್ಯ. ಮನುಷ್ಯರಿಗೆ ಹಾಕಿದರೆ ತಣ್ಣಗಾಗುತ್ತದೆ. 'ಅವಳು ಬಾಗಿಲ ಕಡೆ ಚಲಿಸಿದಳು' ಅನ್ನುವುದನ್ನು ಅನುವಾದಗಳಲ್ಲಿ ಬಹಳ ನೋಡುತ್ತೇವೆ. 'ಬಾಗಿಲ ಕಡೆ ಹೋದಳು', 'ಬಾಗಿಲ ಕಡೆ ಸರಿದಳು', 'ಬಾಗಿಲ ಕಡೆ ಹೆಜ್ಜೆ ಹಾಕಿದಳು' ಇವುಗಳಲ್ಲಿ ಒಂದು ಸಾಕು. ಸರಿದಳು ಅಂದರೆ ಸದ್ದಿಲ್ಲದೆ, ಸ್ವಲ್ಪವೇ ದೂರ. ಹೆಜ್ಜೆ ಹಾಕಿದಳು ಅಂದರೆ ಮನಸ್ಸು ಗಟ್ಟಿ ಮಾಡಿಕೊಂಡು.

ಇದ್ದ ಜಾಗದಲ್ಲೇ ಆಗುವ ಸಣ್ಣ ಚಲನೆಗೆ ಬೇರೆಯೇ ಪದಗಳಿವೆ. ಹಲ್ಲು ಅಲುಗಾಡುತ್ತದೆ. ಮಲಗಿದ ಮಗು ಮಿಸುಕಾಡುತ್ತದೆ. 'ಕದಲು' ಹೆಚ್ಚಾಗಿ ಇಲ್ಲ ಎಂಬುದರ ಜೊತೆಯೇ ಬರುತ್ತದೆ: ಎಷ್ಟು ಹೇಳಿದರೂ ಜಾಗ ಬಿಟ್ಟು ಕದಲಲಿಲ್ಲ.

ಕೊನೆಯದಾಗಿ ಕಾಗುಣಿತ. 'ಸಭೆ ನೆಡೆಯಿತು', 'ನೆಡೆದುಕೊಂಡರು' ಎಂದು ಬರೆಯುವುದು ಈಗ ತುಂಬ ಕಾಣುತ್ತಿದೆ. 'ನೆಡು' ಅಂದರೆ ಸಸಿ ನೆಡುವುದು. ಕಾಲಿಗೂ ಸಭೆಗೂ ಸೇರಿದ್ದು 'ನಡೆ', ಅಲ್ಲಿ ಮೊದಲ ಅಕ್ಷರಕ್ಕೆ ಎತ್ವ ಇಲ್ಲ. ಹಾಗೇ 'ಹೊರಡು'ವಿನ ಭೂತಕಾಲ 'ಹೊರಟ', 'ಹೊರಟಳು', 'ಹೊರಟಿತು'. 'ಹೊರಡಿದ' ಎಂಬ ರೂಪ ಇಲ್ಲ. ಮುಂದೆ ಆಗಬೇಕಾದದ್ದಕ್ಕೆ 'ಡ' ಉಳಿಯುತ್ತದೆ: ಹೊರಡುತ್ತೇನೆ, ಹೊರಡಬೇಕು, ಹೊರಡಲಿ.